ಕೋಲು ನಿಂತ ಜಾಗ

ಇಂಜಿನಿಯರು ಸೇತುವೆಯ ಮೇಲೆ ನಿಂತು ಮೂಗಿಗೆ ಕರವಸ್ತ್ರ ಒತ್ತಿಕೊಂಡಿದ್ದ. ಅವನ ಮುಂದೆ ಮೂರು ಕಾಲಿನ ಸ್ಟ್ಯಾಂಡು, ಅದರ ಮೇಲೆ ಲೆವೆಲ್ ನೋಡುವ ಯಂತ್ರ. ಕೋಲಕ್ಕ ಕೆಳಗೆ ಚರಂಡಿಯಲ್ಲಿ ನಿಂತಿದ್ದಳು. ತೊಡೆಯವರೆಗೆ ಕೆಸರು. ಗದ್ದೆಯ ಕೆಸರಲ್ಲ, ಅರ್ಧ ಊರಿನ ಕಕ್ಕಸು. ಕೈಯಲ್ಲಿ ಅವಳ ಎರಡರಷ್ಟು ಎತ್ತರದ ಅಳತೆ ಕೋಲು. ಕೋಲಿನ ಮೈತುಂಬ ಕೆಂಪು ಕಪ್ಪು ಅಂಕಿಗಳು.

"ಸಾರ್, ಇದು ಚರಂಡಿ," ಎಂದು ಅವಳು ಕೂಗಿ ಹೇಳಿದಳು. "ನಮ್ಮ ಬೀದಿ ಮೇಲಿದೆ. ಮನೆಗಳೂ ಮೇಲಿವೆ. ಅಲ್ಲಿ ಹಿಡೀಲಾ?"

"ಅಲ್ಲಿ ಹಿಡಿದ್ರೆ ನಂಗೆ ಇಲ್ಲಿಂದ ಕಾಣಲ್ಲ. ಗೋಡೆ ಅಡ್ಡ ಬರುತ್ತೆ."

"ನೀವು ಬೀದಿಗೆ ಬಂದ್ರೆ ಕಾಣುತ್ತೆ ಸಾರ್. ಹತ್ತು ಹೆಜ್ಜೆ."

ಇಂಜಿನಿಯರು ಆ ಹತ್ತು ಹೆಜ್ಜೆಯನ್ನು ನೋಡಿದ. ಬೀದಿಯ ಬಾಯಲ್ಲೇ ಒಂದು ಹಂದಿ ಮಲಗಿತ್ತು.

"ಆ ನಾತದಲ್ಲಿ ಯಂತ್ರ ಇಡೋಕಾಗುತ್ತಾ? ಹೇಳಿದ ಕಡೆ ನಿಂತ್ಕೋ. ಎಲ್ಲಾ ಒಂದೇ ಏರಿಯಾ."

ಅವಳು ನಿಂತಳು. ಅವನು ಯಂತ್ರದಲ್ಲಿ ಕಣ್ಣಿಟ್ಟು ಅಂಕಿ ಓದಿ ಪುಸ್ತಕದಲ್ಲಿ ಬರೆದುಕೊಂಡ. ಪಾಯಿಂಟ್ ಹದಿನೇಳು. ಚರಂಡಿಯ ತಳದ ಮಟ್ಟ ನಲವತ್ತು ಮನೆಗಳ ಮಟ್ಟವಾಯಿತು. ಅಷ್ಟೇ ಹೊತ್ತು ಹಿಡಿಯಿತು.

ಅದು ಇಡೀ ರಾಜ್ಯಕ್ಕೆ ಸರ್ಕಾರ ಮಾಡುತ್ತಿದ್ದ ಕೆಲಸ. ಪ್ರವಾಹ ಬಂದರೆ ಎಲ್ಲಿಗೆ ಎಷ್ಟು ನೀರು ನುಗ್ಗುತ್ತದೆ ಎಂದು ತೋರಿಸುವ ನಕ್ಷೆಗಳು ಹಳೆಯವಾಗಿದ್ದವು. ಅವನ್ನೆಲ್ಲ ಹೊಸದಾಗಿ, ಕಂಪ್ಯೂಟರಿನಲ್ಲಿ ಮಾಡಬೇಕು. ಆಕಾಶದಲ್ಲಿ ಡ್ರೋನ್ ಹಾರಿತು. ಆದರೆ ಮೇಲಿಂದ ತೆಗೆದ ಅಳತೆಗೆ ನೆಲದ ಸಾಕ್ಷಿ ಬೇಕು. ಸಾಕ್ಷಿಗೆ ಕೋಲು ಬೇಕು. ಕೋಲಿಗೆ ಒಂದು ಕೈ ಬೇಕು. ಎಂಥ ಗಲೀಜಿಗೂ ಇಳಿಯುವ ಕೈಯನ್ನು ಹುಡುಕುತ್ತ ಅವರು ಚರಂಡಿ ಬಳಿಯುವವರ ಬೀದಿಗೆ ಬಂದರು. ಇವಳು ಸಿಕ್ಕಳು. ಇವಳಿಗೊಂದು ಹೆಸರಿತ್ತು. ಸರ್ವೆಯವರು ಅದನ್ನು ಕೇಳಲಿಲ್ಲ. ಎರಡನೇ ದಿನಕ್ಕೇ ಕೋಲಕ್ಕ ಎಂದರು, ಬೀದಿಯವರೂ ಹಾಗೇ ಕರೆದರು.

ಅವಳಿಗೆ ಖುಷಿಯೇ ಆಗಿತ್ತು. ಸನಿಕೆ ಬಿಟ್ಟು ಕೋಲು ಹಿಡಿದಿದ್ದಳು. ಕೋಲು ಓಲಾಡದಂತೆ ಹಿಡಿಯುವುದು, ಗಾಳಿಗೆ ಎದೆ ಕೊಟ್ಟು ನಿಲ್ಲುವುದು, ತಳದ ಕಲ್ಲು ಗಟ್ಟಿಯಿದೆಯೋ ಎಂದು ಕಾಲಲ್ಲಿ ಒತ್ತಿ ನೋಡುವುದು, ಎಲ್ಲ ವಾರದಲ್ಲಿ ಕಲಿತಳು. ಅಂಕಿ ಓದುವುದನ್ನು ಯಾರೂ ಕಲಿಸಲಿಲ್ಲ. ಅದನ್ನೂ ಕಲಿತಳು.

ಅದೇ ದಿನ ಮಧ್ಯಾಹ್ನ ಪಾಯಿಂಟ್ ಹದಿನೆಂಟು. ಚರಂಡಿಯ ಆ ದಡದಲ್ಲಿ, ಗೋಡೆಯಾಚೆ, ಒಂದು ಕೆರೆಯಿತ್ತು. ಇವಳು ಮದುವೆಯಾಗಿ ಬಂದಾಗ ಅದರಲ್ಲಿ ಬಟ್ಟೆ ಒಗೆದಿದ್ದಳು. ಈಗ ಕೆರೆಯ ಗುಂಡಿಯಲ್ಲಿ ಹನ್ನೆರಡು ಅಂತಸ್ತಿನ ಅಪಾರ್ಟ್‌ಮೆಂಟು ನಿಂತಿತ್ತು. ರಸ್ತೆಯ ಮಟ್ಟದಲ್ಲಿ ಗೇಟು. ಗೇಟು ದಾಟಿದರೆ ಇಳಿಜಾರು. ಇಳಿಜಾರಿನ ಕೊನೆಗೆ, ಗುಂಡಿಯ ತಳದಲ್ಲಿ ಅಂಗಳ, ಕಾರುಗಳು, ಹೂವಿನ ಕುಂಡಗಳು.

ಕೋಲು ಹೆಗಲ ಮೇಲಿಟ್ಟುಕೊಂಡು ಗೇಟು ದಾಟಲು ಹೋದರೆ ವಾಚ್‌ಮನ್ ಅಡ್ಡ ಬಂದ.

"ಏಯ್, ಎಲ್ಲಿಗೆ? ಕಾಲು ನೋಡ್ಕೋ."

ಅವಳು ಕಾಲು ನೋಡಿಕೊಂಡಳು. ಗಿಡಕ್ಕೆ ನೀರು ಬಿಡುವ ಪೈಪಿನಲ್ಲಿ ತೊಳೆದುಕೊಂಡಳು. ಬೆರಳಿನ ಸಂದಿಯನ್ನೂ ತಿಕ್ಕಿದಳು.

"ತೊಳೆದ್ರೆ ನಾತ ಹೋಗುತ್ತಾ? ಒಳಗೆ ಮಕ್ಕಳು ಆಡ್ತವೆ."

ಇಂಜಿನಿಯರು ಆಗಲೇ ಒಳಗಿದ್ದ. ನಿವಾಸಿಗಳ ಸಂಘದ ಅಧ್ಯಕ್ಷರು ಅವನಿಗೆ ಕುರ್ಚಿ ಕೊಟ್ಟು ಕಾಫಿ ಕೊಟ್ಟಿದ್ದರು. ಅವನು ಕಪ್ಪು ಕೆಳಗಿಡದೆ ಅಲ್ಲಿಂದಲೇ ಹೇಳಿದ: "ಪರವಾಗಿಲ್ಲ, ಗೇಟಿನ ಹತ್ರಾನೇ ಹಿಡಿ. ಎಲ್ಲಾ ಒಂದೇ ಏರಿಯಾ."

ಅವನು ಕಾಫಿ ಮುಗಿಸಿ ಬಂದು ಸೇತುವೆಯ ಮೇಲಿನ ಯಂತ್ರದಲ್ಲಿ ಅಂಕಿ ಓದುವವರೆಗೂ ಅವಳು ಇಳಿಜಾರಿನ ನೆತ್ತಿಯ ಮೇಲೆ, ರಸ್ತೆಯ ಪಕ್ಕ ಕೋಲು ಹಿಡಿದಳು. ಬೈಸಿಕೊಂಡು ಒಳಗೆ ಹೋಗುವುದಕ್ಕಿಂತ ಹೊರಗೇ ವಾಸಿ ಎಂದು ಒಂದು ಕ್ಷಣ ಸಮಾಧಾನವೂ ಆಯಿತು. ಆ ಸಮಾಧಾನವನ್ನು ನೆನೆದರೆ ಆಮೇಲೆ ಅವಳಿಗೆ ತನ್ನ ಕೆನ್ನೆಗೆ ತಾನೇ ಹೊಡೆದುಕೊಳ್ಳಬೇಕು ಅನ್ನಿಸುತ್ತಿತ್ತು.

ಹೇಸಿಗೆ ದೊಡ್ಡವರ ಕಾಯಿಲೆ. ಅವರಿಗೆ ಅದು ಬಂದರೆ ನರಳುವವರು ಬೇರೆ. ಒಬ್ಬನಿಗೆ ಹತ್ತು ಹೆಜ್ಜೆ ನಡೆಯಲು ಹೇಸಿಗೆಯಾಯಿತು. ಇನ್ನೊಬ್ಬನಿಗೆ ಒಂದು ಜೊತೆ ಕಾಲು ಕಂಡು ಹೇಸಿಗೆಯಾಯಿತು. ಈ ಎರಡು ಹೇಸಿಗೆ ಸೇರಿ ಸರ್ಕಾರದ ನಕ್ಷೆಯಾಯಿತು.

ಮೂರು ತಿಂಗಳ ಮೇಲೆ ಬೀದಿಗೆ ಇಬ್ಬರು ಬಂದು ಪ್ರತಿ ಬಾಗಿಲಿಗೂ ಕೆಂಪು ಬಣ್ಣದಲ್ಲಿ ಗೀಟು ಎಳೆದರು. ನೋಟಿಸು ಅಂಟಿಸಿದರು. ಹೊಸ ನಕ್ಷೆಯ ಪ್ರಕಾರ ಈ ಬೀದಿ ಅತಿ ಅಪಾಯದ ಕೆಂಪು ವಲಯ. ವಾಸಕ್ಕೆ ಯೋಗ್ಯವಲ್ಲ. ಅಹವಾಲು ಸಭೆ ಮುಗಿದ ಮೂವತ್ತು ದಿನದೊಳಗೆ ಖಾಲಿ ಮಾಡಬೇಕು, ಮನೆಗಳನ್ನು ಕೆಡವಲಾಗುವುದು. ಎಲ್ಲಿಗೆ ಹೋಗಬೇಕು ಎಂದು ನೋಟಿಸಿನಲ್ಲಿ ಇರಲಿಲ್ಲ. ಗೋಡೆಯಾಚೆಯ ಅಪಾರ್ಟ್‌ಮೆಂಟು ಹಸಿರು ವಲಯ. ಅವರಿಗೇನೂ ಅಪಾಯವಿಲ್ಲ.

ಕೋಲಕ್ಕನ ಅತ್ತೆ ನೋಟಿಸು ಓದಿಸಿ ಕೇಳಿದಳು. ಆಮೇಲೆ ಬಾಗಿಲ ಚೌಕಟ್ಟಿನ ಹತ್ತಿರ ಹೋಗಿ ನಿಂತಳು. ನೀರು ಹೊಸ್ತಿಲು ದಾಟಿದಾಗಲೆಲ್ಲ ಆ ಮುದುಕಿ ಮೊಳೆಯಲ್ಲಿ ಅಲ್ಲೊಂದು ಗೆರೆ ಕೊರೆಯುತ್ತಿದ್ದಳು.

"ಎಣಿಸು," ಎಂದಳು ಸೊಸೆಗೆ.

"ಎರಡು ಅತ್ತೆ."

"ಮೂವತ್ತೈದು ವರ್ಷಕ್ಕೆ ಎರಡು. ನೆಂಟರೇ ಇದಕ್ಕಿಂತ ಜಾಸ್ತಿ ಸಲ ಬಂದಿದ್ದಾರೆ, ಇದಕ್ಕಿಂತ ಜಾಸ್ತಿ ದಿನ ಇದ್ದಿದ್ದಾರೆ."

ಆ ಎರಡೂ ಸಲ ನೀರು ಬಂದದ್ದು ಕೆರೆ ಬತ್ತಿಸಿ ಅಪಾರ್ಟ್‌ಮೆಂಟು ಕಟ್ಟಿದ ಮೇಲೆ. ಮಳೆ ಸುರಿದರೆ ಅಪಾರ್ಟ್‌ಮೆಂಟಿನ ಅಂಗಳ ತುಂಬುತ್ತಿತ್ತು. ಕೆರೆಯ ಗುಂಡಿಯಲ್ಲವೇ, ತುಂಬದೆ ಏನು ಮಾಡುತ್ತದೆ. ಅವರು ಗೋಡೆಗೊಂದು ತೂತು ಕೊರೆದು, ಮೋಟಾರು ಹಾಕಿ, ಆ ನೀರನ್ನೆಲ್ಲ ಈ ಬೀದಿಗೆ ಕಕ್ಕುತ್ತಿದ್ದರು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಂದರೆ ಇದೇ.

ಬೀದಿಯವರು ಕೋಲಕ್ಕನ ಮುಖಕ್ಕೆ ಉಗಿಯುವುದೊಂದು ಬಾಕಿ. "ನಿನ್ನ ಕೈಯಾರೆ ನಮ್ಮ ಬಾಯಿಗೆ ಮಣ್ಣು ಹಾಕಿದೆಯಲ್ಲೇ," ಎಂದಳು ಎದುರು ಮನೆಯವಳು. ಇವಳು ತಲೆ ತಗ್ಗಿಸಿದಳು. ಒಳಗೆ ಬಂದು ಗಂಡನಿಗೆ ಎಲ್ಲ ಹೇಳಿದಳು. ಕೋಲು ಎಲ್ಲಿ ನಿಂತಿತು, ಯಾಕೆ ನಿಂತಿತು, ವಾಚ್‌ಮನ್ ಏನೆಂದ.

ಗಂಡ ಗಾರೆ ಕೆಲಸದವನು. ಮಾತು ಕಡಿಮೆ. ಕೇಳಿ ಮುಗಿಸಿ, "ಮೂರು ದಿನ ಗಾರೆ ಕಲಸಿದವನಿಗೂ ಗೊತ್ತು," ಎಂದ. "ಮಟ್ಟ ನೋಡೋದು ಮನೆ ಕಟ್ಟೋ ಜಾಗದಲ್ಲಿ. ಪಾಯಿಖಾನೆ ಗುಂಡೀಲಲ್ಲ." ಎದ್ದು ಅಟ್ಟದಿಂದ ತನ್ನ ಮಟ್ಟದ ಪೈಪನ್ನು ಇಳಿಸಿದ. ಒಳಗಿನ ನೀರು ಕಣ್ಣಿಗೆ ಕಾಣುವಂಥ ತೆಳು ಪ್ಲಾಸ್ಟಿಕ್ ಪೈಪು, ಮೂವತ್ತು ಮೀಟರಿನದು. ನೀರು ತುಂಬಿದರೆ ಈ ತುದಿಯಲ್ಲಿ ನೀರು ಎಷ್ಟು ಎತ್ತರ ನಿಲ್ಲುತ್ತದೋ ಆ ತುದಿಯಲ್ಲೂ ಅಷ್ಟೇ ಎತ್ತರ ನಿಲ್ಲುತ್ತದೆ. ಗೋಡೆ ಅಡ್ಡ ಬಂದರೂ ಸರಿ. ಗಾರೆಯವರು ಜಗತ್ತಿನ ಮನೆಗಳನ್ನೆಲ್ಲ ಇದನ್ನು ನಂಬಿಕೊಂಡೇ ಕಟ್ಟಿದ್ದಾರೆ.

ಮರುದಿನ ಇಂಜಿನಿಯರು ಅವಳನ್ನು ಆಫೀಸಿಗೆ ಕರೆಸಿದ. ಹೊಸ ಯೋಜನೆಯಲ್ಲಿ ಹೊಸದೊಂದು ನಿಯಮವಿತ್ತು. ಅಳತೆ ಪುಸ್ತಕದ ಪ್ರತಿ ಪುಟಕ್ಕೂ ಸ್ಥಳೀಯರೊಬ್ಬರ ಸಾಕ್ಷಿ ಬೇಕು. ಜನರ ಸಹಭಾಗಿತ್ವ ಎಂದು ಅದಕ್ಕೆ ಹೆಸರು. ಕೋಲು ಹಿಡಿದವಳಿಗಿಂತ ಒಳ್ಳೆಯ ಸಾಕ್ಷಿ ಯಾರು?

"ಸಭೇಲಿ ದೊಡ್ಡ ಸಾಹೇಬರ ಮುಂದೆ ಹೆಬ್ಬೆಟ್ಟು ಒತ್ತಿಬಿಡು," ಎಂದ. "ನಿನ್ನ ಕೆಲಸ ಖಾಯಂ ಮಾಡಿಸ್ತೀನಿ. ಇನ್ನೂ ನೂರೆಂಟು ಊರು ಅಳೆಯೋದಿದೆ."

"ಮನೆ ಸಾರ್?"

"ಮನೆ ಬೇರೆ ಕಡೆ ಮಾಡ್ಕೋ. ಆ ಕೊಳಚೇಲಿ ಇರೋ ಆಸೆ ಯಾಕಮ್ಮ ನಿಂಗೆ?"

ಆ ಕೊಳಚೆ ಯಾರ ಹೊಟ್ಟೆಯಿಂದ ಇಳಿದು ಬಂದದ್ದು ಎಂದು ಕೇಳುವ ಮಾತು ಅವಳ ನಾಲಗೆಯ ತುದಿಗೆ ಬಂದಿತ್ತು. ನುಂಗಿಕೊಂಡಳು.

ಸಭೆ ನಡೆದದ್ದು ಅಪಾರ್ಟ್‌ಮೆಂಟಿನ ಹಾಲ್‌ನಲ್ಲಿ. ಹಾಲ್ ಅಂಗಳದ ಮಟ್ಟದಲ್ಲೇ ಇತ್ತು. ಅದರ ಹಿಂಗೋಡೆಯೇ ಚರಂಡಿ ಪಕ್ಕದ ಕಾಂಪೌಂಡು. ಬೀದಿಯವರನ್ನು ಹಿಂಬಾಗಿಲಿನಿಂದ ಒಳಗೆ ಬಿಟ್ಟರು. ಬಾಗಿಲಲ್ಲಿ ವಾಚ್‌ಮನ್ ಪ್ಲಾಸ್ಟಿಕ್ ಚೀಲಗಳ ಕಟ್ಟು ಹಿಡಿದು ನಿಂತಿದ್ದ. ಒಬ್ಬೊಬ್ಬರಿಗೆ ಎರಡೆರಡು. ಕಾಲಿಗೆ ಹಾಕಿಕೊಂಡು ರಬ್ಬರ್ ಬ್ಯಾಂಡ್ ಬಿಗಿದುಕೊಳ್ಳಬೇಕು, ನೆಲ ಬಿಳಿ ಕಲ್ಲಿನದು. ಎಂಬತ್ತು ವರ್ಷದ ಒಬ್ಬ ಮುದುಕ ಬಗ್ಗಲಾರದೆ ಒದ್ದಾಡಿದ. ಕೋಲಕ್ಕ ಕೂತು ಅವನ ಕಾಲಿಗೆ ಚೀಲ ಕಟ್ಟಿದಳು. ತನ್ನ ಕಾಲಿಗೂ ಕಟ್ಟಿಕೊಂಡಳು. ಎಲ್ಲರೂ ಚರಪರ ಸದ್ದು ಮಾಡುತ್ತ ನಡೆದು ಹಿಂದೆ ನಿಂತರು. ಕುರ್ಚಿಗಳೆಲ್ಲ ಮುಂದಿದ್ದವು, ಅಪಾರ್ಟ್‌ಮೆಂಟಿನವರಿಗೆ.

ಅವಳು ತಲೆಯೆತ್ತಿದಳು. ಹಿಂಗೋಡೆಯಲ್ಲಿ, ತಲೆಗಿಂತ ಮೇಲೆ, ಗಾಳಿಗೆಂದು ಒಂದು ಕಂಡಿಯಿತ್ತು. ಕಂಡಿಯಾಚೆ ತನ್ನ ಬೀದಿ. ಬೀದಿಯಲ್ಲಿ ತನ್ನ ಮನೆಯ ಹೊಸ್ತಿಲು. ಹೊಸ್ತಿಲ ಮೇಲೆ ಅತ್ತೆಯ ಬರಿಗಾಲು. ಇವಳು ಕತ್ತೆತ್ತಿ ಅತ್ತೆಯ ಪಾದ ನೋಡುತ್ತಿದ್ದಳು.

ಮೇಜಿನ ಹಿಂದೆ ದೊಡ್ಡ ಸಾಹೇಬರು. ಗೋಡೆಯ ಮೇಲೆ ಬೆಳಕಿನಲ್ಲಿ ನಕ್ಷೆ. ಬೀದಿ ಗಾಯದಂತೆ ಕೆಂಪಗಿತ್ತು. ಪಕ್ಕದಲ್ಲೇ ಹಸಿರು. ಇಂಜಿನಿಯರು ಅರ್ಧ ಗಂಟೆ ಮಾತಾಡಿದ. ಉಪಗ್ರಹ ಎಂದ, ನಿಖರತೆ ಎಂದ, ಒಂದು ಸೆಂಟಿಮೀಟರೂ ತಪ್ಪಿಲ್ಲ ಎಂದ. ಮೂಲೆಯಲ್ಲಿ ಪ್ರದರ್ಶನಕ್ಕೆಂದು ಕೋಲನ್ನು ತೊಳೆದು ಒರಗಿಸಿದ್ದರು. ಆಮೇಲೆ ಅಳತೆ ಪುಸ್ತಕ ತೆರೆದು, ಶಾಯಿಯ ಪ್ಯಾಡನ್ನು ಮೇಜಿನ ತುದಿಗೆ ತಳ್ಳಿ, "ಬಾಮ್ಮ," ಎಂದ.

"ನಂಗೆ ಹೆಸರು ಬರೆಯೋಕೆ ಬರುತ್ತೆ ಸಾರ್."

"ಹೆಬ್ಬೆಟ್ಟು ಸಾಕು. ಜಾಗ ಚಿಕ್ಕದು."

ಅವಳು ಪುಟ ನೋಡಿದಳು. ಹದಿನೇಳು. ಹದಿನೆಂಟು. ಅಂಕಿಗಳು ಅವಳಿಗೆ ಗೊತ್ತಿದ್ದವೇ.

"ಪಾಯಿಂಟ್ ಹದಿನೆಂಟು ಎಲ್ಲಿ ಸಾರ್?"

"ಇಲ್ಲೇ. ಈ ಕಾಂಪೌಂಡಿನ ಒಳಗೆ."

"ನಾನು ಒಳಗೆ ಬಂದಿದ್ದು ಇವತ್ತೇ ಮೊದಲು."

ಇಂಜಿನಿಯರು ದೊಡ್ಡ ಸಾಹೇಬರ ಕಡೆ ತಿರುಗಿ ನಕ್ಕ. "ಮರೆತಿದ್ದಾಳೆ ಸಾರ್. ಒಳಗೇ ಹಿಡಿದಳು. ಇದೇ ಅಂಗಳದಲ್ಲಿ."

ಮುಂದಿನ ಕುರ್ಚಿಯ ಅಧ್ಯಕ್ಷರು ಮುಖ ಗಂಟಿಕ್ಕಿ ಬಾಗಿಲ ಕಡೆ ನೋಡಿದರು. "ಏನಯ್ಯಾ, ಇವಳನ್ನ ಚರಂಡಿ ಕಾಲಲ್ಲಿ ಒಳಗೆ ಬಿಟ್ಟಿದ್ಯಾ?"

ವಾಚ್‌ಮನ್‌ನ ಮರ್ಯಾದೆಗೆ ಪೆಟ್ಟು ಬಿತ್ತು. ಅವನು ಮುಂದೆ ಬಂದು ಸೆಟೆದು ನಿಂತ.

"ಸತ್ಯವಾಗ್ಲೂ ಇಲ್ಲ ಸಾರ್. ಗೇಟಿನಿಂದ ಒಂದು ಹೆಜ್ಜೆ ಒಳಗೆ ಬಿಟ್ಟಿಲ್ಲ. ಕಾಲು ತೊಳ್ಕೊಂಡ್ರೂ ಬಿಡ್ಲಿಲ್ಲ. ಇಳಿಜಾರಿನ ಮೇಲೆ, ರೋಡಿನ ಹತ್ರಾನೇ ನಿಲ್ಲಿಸಿ ಕಳಿಸಿದೆ. ಬೇಕಾದ್ರೆ ಗೇಟಿನ ರಿಜಿಸ್ಟರ್ ನೋಡಿ. ಒಳಗೆ ಬಂದವರು ಇಂಜಿನಿಯರ್ ಸಾಹೇಬ್ರು ಒಬ್ಬರು. ಹೊರಗೆ ಹೆಂಗಸು ಒಂದು, ಕೋಲು ಒಂದು. ಡ್ಯೂಟೀಲಿ ನಾನು ಯಾವತ್ತೂ ತಪ್ಪಿಲ್ಲ ಸಾರ್."

ಅಧ್ಯಕ್ಷರಿಗೆ ಮೊದಲು ಸಮಾಧಾನವಾಯಿತು. ಏನಾಯಿತೆಂದು ತಿಳಿದದ್ದು ಆಮೇಲೆ. ಹಾಲ್‌ನಲ್ಲಿ ಯಾರೋ ಕೆಮ್ಮಿದರು. ಇಳಿಜಾರಿನ ನೆತ್ತಿ ಎಲ್ಲಿ, ಈ ನೆಲ ಎಲ್ಲಿ. ಎಲ್ಲರೂ ದಿನಾ ಕಾರಿನಲ್ಲಿ ಬ್ರೇಕು ಒತ್ತಿ ಇಳಿಯುವವರೇ.

ಇಂಜಿನಿಯರನ ಕಿವಿ ಕೆಂಪಾಯಿತು. "ಹಿಡಿಯೋಕೆ ಬಾರದೆ ಈಗ ಇದೆಲ್ಲ ಹೇಳ್ತಿದ್ದಾಳೆ ಸಾರ್. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ."

ಕೆಲವರು ನಕ್ಕರು.

"ನೆಲ ಡೊಂಕಿದೆಯಾ ಇಲ್ವಾ ನೋಡೇ ಬಿಡೋಣ ಸಾರ್," ಎಂದಳು ಕೋಲಕ್ಕ.

ಮೂಲೆಗೆ ಹೋಗಿ ಕೋಲು ತಂದಳು. ಹಿಂಗೋಡೆಯ ಪಕ್ಕ ಬಿಳಿ ನೆಲದ ಮೇಲೆ ನೆಟ್ಟಗೆ ಊರಿದಳು. ಕಂಡಿಯ ಕಡೆ ಮುಖವೆತ್ತಿ, "ರೀ," ಎಂದು ಕೂಗಿದಳು.

ಆಚೆ ಗಂಡ ಸಿದ್ಧನಿದ್ದ. ಹೊಸ್ತಿಲ ಮುಂದೆ ಇಟ್ಟಿಗೆಗಳ ಮೇಲೆ ಒಂದು ಬಕೆಟ್ಟು. ಬಕೆಟ್ಟಿನ ನೀರಿನ ಮೇಲ್ಮೈ ಹೊಸ್ತಿಲಿಗೆ ಸರಿಸಮ ಬರುವಂತೆ ಇಟ್ಟಿಗೆ ಜೋಡಿಸಿದ್ದ. ಪೈಪಿನ ಒಂದು ತುದಿ ಆ ಬಕೆಟ್ಟಿನಲ್ಲಿ ಮುಳುಗಿತ್ತು. ಪಕ್ಕದಲ್ಲಿ ಅತ್ತೆ ಕಾವಲು. ಪೈಪು ಚರಂಡಿ ದಾಟಿ, ಹಿಂಗೋಡೆಯ ಕಂಡಿಯೊಳಗಿಂದ ಇಳಿದು ಬಂತು. ಪೈಪಿನಲ್ಲಿ ನೀರು ಕಪ್ಪಗಿತ್ತು. ಮಟ್ಟ ಕಣ್ಣಿಗೆ ಚೆನ್ನಾಗಿ ಕಾಣಲಿ ಎಂದು ಗಾರೆಯವರು ನೀರಿಗೆ ಬಣ್ಣ ಹಾಕುತ್ತಾರೆ. ಇವರು ಚರಂಡಿಯ ನೀರನ್ನೇ ತುಂಬಿದ್ದರು.

ಕೋಲಕ್ಕ ಪೈಪಿನ ಬಾಯಿಗೆ ಹೆಬ್ಬೆಟ್ಟು ಒತ್ತಿ ಹಿಡಿದು, ಕೋಲಿಗೆ ತಾಗಿಸಿ ಮೇಲೆತ್ತಿ, ಹೆಬ್ಬೆಟ್ಟು ತೆಗೆದಳು. ಕಪ್ಪು ನೀರು ಒಮ್ಮೆ ಕುಣಿಯಿತು, ಇಳಿಯಿತು, ಏರಿತು, ನಿಂತಿತು. ಅವಳ ನೆತ್ತಿಗಿಂತ ಮೇಲೆ.

"ಒಂದು ಮೀಟರ್ ಎಂಬತ್ತಾರು," ಎಂದು ಓದಿದಳು. "ನಮ್ಮ ಹೊಸ್ತಿಲು ಇಲ್ಲಿದೆ ಸಾರ್. ನಮ್ಮ ಹೊಸ್ತಿಲಿಗೆ ನೀರು ಬರೋ ಹೊತ್ತಿಗೆ ಇಲ್ಲಿ ಕೂತವರು ಯಾರೂ ಕೂತಿರಲ್ಲ."

ಮುಂದಿನ ಸಾಲಿನ ಒಬ್ಬ ಹೆಂಗಸು ಎದ್ದು ಹೋಗಿ ಆ ನೀರನ್ನು ನೋಡಿದಳು, ಆಮೇಲೆ ತನ್ನ ಮಗುವನ್ನು ಎತ್ತಿಕೊಂಡಳು.

ದೊಡ್ಡ ಸಾಹೇಬರು ಕನ್ನಡಕ ತೆಗೆದು ಒರೆಸಿದರು. ಅವರು ಕೆಟ್ಟ ಮನುಷ್ಯರ ಹಾಗೆ ಕಾಣುತ್ತಿರಲಿಲ್ಲ. ದನಿಯೂ ಮೆತ್ತಗಿತ್ತು.

"ನೋಡಮ್ಮ, ನೀನು ಹೇಳೋದ್ರಲ್ಲಿ ಇರಬಹುದು. ಆದ್ರೆ ಈ ಪೈಪಿನ ಅಳತೆಗೆ ನಮ್ಮಲ್ಲಿ ಮಾನ್ಯತೆ ಇಲ್ಲ. ನಕ್ಷೆ ಮೇಲಕ್ಕೆ ಹೋಗಿ ಆಗಿದೆ. ಮುಂದಿನ ಪರಿಷ್ಕರಣೇಲಿ ಸರಿ ಮಾಡೋಣ. ಈಗ ಹೆಬ್ಬೆಟ್ಟು ಒತ್ತು."

"ಮುಂದಿನದು ಯಾವಾಗ ಸಾರ್?"

"ಹತ್ತು ವರ್ಷಕ್ಕೊಮ್ಮೆ."

"ನಮ್ಮ ಮನೆ ಕೆಡವೋದು?"

ಸಾಹೇಬರು ಕಾಗದ ನೋಡಿದರು. "ಮೂವತ್ತು ದಿನ."

ಕೋಲಕ್ಕ ಹದಿನೆಂಟು ವರ್ಷ ಚರಂಡಿ ಬಳಿದವಳು. ಸತ್ತ ನಾಯಿ ಎತ್ತಿದ್ದಾಳೆ. ಒಮ್ಮೆ ಚೀಲದಲ್ಲಿ ಕಟ್ಟಿ ಎಸೆದ ಹಸುಗೂಸನ್ನೂ ಎತ್ತಿದ್ದಾಳೆ. ಆಗ ಅತ್ತಿದ್ದಳು, ಹೇಸಿರಲಿಲ್ಲ. ಕೈ ತೊಳೆದು ಊಟ ಮಾಡಿದ್ದಾಳೆ. ಈಗ ಆ ಮೆತ್ತಗಿನ ದನಿ ಕೇಳಿ, ಆ ಶಾಯಿ ಪ್ಯಾಡು ನೋಡಿ, ಅವಳಿಗೆ ಮೊದಲ ಸಲ ಹೇಸಿಗೆಯಾಯಿತು. ಇವರಿಗೆ ಗೊತ್ತಿದೆ. ಗೊತ್ತಿದ್ದೂ ಕೇಳುತ್ತಿದ್ದಾರೆ. ಇಂಥ ಹೊಲಸನ್ನು ಅವಳು ಎಲ್ಲೂ ಕಂಡಿರಲಿಲ್ಲ.

"ಒತ್ತಲ್ಲ," ಎಂದಳು.

"ಕೆಲಸ ಹೋಗುತ್ತೆ," ಎಂದ ಇಂಜಿನಿಯರು, ಅವಳ ಹತ್ತಿರ ಬಂದು, ಮೆಲ್ಲಗೆ.

"ಹೋಗ್ಲಿ. ನನ್ನ ಕೈಯಲ್ಲಿ ಏನೇನೋ ಬಳಿಸಿದ್ದೀರಿ. ಇದನ್ನ ಬಳಿಯಲ್ಲ. ಸ್ವಲ್ಪ ಇದನ್ನ ಹಿಡ್ಕೊಳ್ಳಿ ಸಾರ್."

ಅವನು ಯೋಚಿಸದೆ ಕೈ ಚಾಚಿದ. ಅವಳು ಪೈಪಿನ ತುದಿಯನ್ನು ಅವನ ಕೈಗೆ ಕೊಟ್ಟಳು. ಕೊಟ್ಟದ್ದು ಏನೆಂದು ಅವನಿಗೆ ತಿಳಿಯುವ ಹೊತ್ತಿಗೆ ಅವನ ಕೈ ಅರ್ಧ ಇಳಿದಿತ್ತು, ಕಪ್ಪು ನೀರು ಅವನ ಮುಂಗೈ ಮೇಲೆ ಹರಿದಿತ್ತು.

"ಬಾಯಿಗೆ ಹೆಬ್ಬೆಟ್ಟು ಒತ್ತಿ ಸಾರ್," ಎಂದಳು. "ಗಟ್ಟಿಯಾಗಿ. ಬಿಟ್ರೆ ಇಲ್ಲಿಗೇ ಹರಿಯುತ್ತೆ. ತಗ್ಗಲ್ವಾ."

ಅವನು ಒತ್ತಿದ. ಮುಖ ಒಂದು ಕಡೆ ತಿರುಗಿಸಿ, ಮೈಯಿಂದ ದೂರ ಹಿಡಿದು, ಒತ್ತಿ ನಿಂತ. ಅವನ ಹೆಬ್ಬೆಟ್ಟು ಕಪ್ಪಾಯಿತು.

ಕೋಲಕ್ಕ ಕೋಲನ್ನು ಮೇಜಿನ ಮೇಲೆ, ಅಳತೆ ಪುಸ್ತಕಕ್ಕೆ ಅಡ್ಡಲಾಗಿ ಮಲಗಿಸಿದಳು. ಕಾಲಿನ ಚೀಲಗಳನ್ನು ಕಿತ್ತು ಅದರ ಪಕ್ಕದಲ್ಲಿಟ್ಟಳು. ಬೀದಿಯವರೂ ಒಬ್ಬೊಬ್ಬರಾಗಿ ಕಿತ್ತರು. ಎಂಬತ್ತರ ಮುದುಕನ ಚೀಲವನ್ನು ಎದುರು ಮನೆಯವಳು ಬಿಚ್ಚಿದಳು. ಎಲ್ಲರೂ ಮುಂಬಾಗಿಲಿನಿಂದ ಹೊರಟರು. ವಾಚ್‌ಮನ್ ಅಡ್ಡ ಬರಲಿಲ್ಲ.

"ಯಾರಾದ್ರೂ ಬಂದು ಇದನ್ನ ಹಿಡ್ಕೊಳ್ರೋ," ಎಂದು ಹಿಂದಿನಿಂದ ಇಂಜಿನಿಯರು ಕೂಗುತ್ತಿದ್ದ. ಕುರ್ಚಿಗಳಿಂದ ಯಾರೂ ಏಳಲಿಲ್ಲ. ಎಲ್ಲರ ಕೈಯೂ ಶುಭ್ರವಾಗಿತ್ತು.

ಅಂಗಳ ದಾಟಿ ಇಳಿಜಾರು ಹತ್ತಿದರು. ಮುದುಕ ಎರಡು ಸಲ ನಿಂತು ಉಸಿರು ತೆಗೆದುಕೊಂಡ. ಗೇಟು ದಾಟಿ, ಸೇತುವೆ ದಾಟಿ ಬೀದಿಗೆ ಬಂದಾಗ ಅತ್ತೆ ಬಕೆಟ್ಟಿನ ಮುಂದೆ ಕುಕ್ಕುರುಗಾಲಲ್ಲಿ ಕೂತಿದ್ದಳು. ಗಂಡ ಪಕ್ಕದಲ್ಲಿ ನಿಂತು ಬೀಡಿ ಹಚ್ಚಿದ್ದ.

"ನೀರು ಇಳೀತಾ ಇದೆ ಕಣೇ," ಎಂದಳು ಅತ್ತೆ. "ಆ ಕಡೆ ಯಾರೋ ಕೈಬಿಟ್ಟರು."

ಕೋಲಕ್ಕ ಬಗ್ಗಿ ನೋಡಿದಳು. ಬಕೆಟ್ಟಿನ ನೀರು ನಿಧಾನವಾಗಿ, ಸದ್ದಿಲ್ಲದೆ ಇಳಿಯುತ್ತಿತ್ತು. ಈ ಎತ್ತರದಿಂದ ಆ ತಗ್ಗಿಗೆ. ಹಸಿರು ವಲಯಕ್ಕೆ.

"ಪೈಪು ಎಳ್ಕೊಳ್ಲಾ?" ಎಂದ ಗಂಡ.

"ಇರ್ಲಿ ಬಿಡಿ," ಎಂದಳು. ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡಳು. "ಇನ್ನೊಂದು ಬಕೆಟ್ ಕೊಡಿ ಅತ್ತೆ."

ಅತ್ತೆ ಕೊಟ್ಟಳು. ಎದುರು ಮನೆಯವಳೂ ಒಳಗೆ ಹೋಗಿ ತನ್ನದನ್ನು ತಂದಳು. ಕೋಲಕ್ಕ ಬಕೆಟ್ ತುಂಬಲು ಚರಂಡಿಗೆ ಇಳಿದಳು. ಈ ಸಲ ಎಲ್ಲಿ ನಿಲ್ಲಬೇಕೆಂದು ಅವಳಿಗೆ ಯಾರೂ ಹೇಳಬೇಕಾಗಿರಲಿಲ್ಲ.